ಮನೆ ಹೆಸರು ಕೇಳದ ಊರಿನಲ್ಲಿ ಒಂದು ಮಂಗಳವಾರ

(ಕೊಡಗಿನ ಗೋಣಿಕೊಪ್ಪದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಹೊರದೇಶದ ಓದು ಅಂದ ಕೂಡಲೇ ನಿಮಗೆ ತೋರಿಸುವ ಚಿತ್ರಗಳು ಗೊತ್ತೇ ಇವೆ. ಕನ್ಸಲ್ಟೆನ್ಸಿಯವರ ಫ್ಲೆಕ್ಸ್‌ನಲ್ಲಿ ಹಿಮ ಇರುತ್ತದೆ, ಹಳೇ ಕೋಟೆ ಇರುತ್ತದೆ, ಕಪ್ಪು ಗೌನು ಹಾಕಿಕೊಂಡು ಟೋಪಿ ಹಾರಿಸುವ ಮಕ್ಕಳಿರುತ್ತಾರೆ. ನಾನು ಓದಿದ್ದು ಜರ್ಮನಿಯಲ್ಲಿ. ಅಲ್ಲಿ ಎಷ್ಟೋ ಕಡೆ ಆ ಗೌನೂ ಇಲ್ಲ, ಟೋಪಿಯೂ ಇಲ್ಲ. ಕೋರ್ಸ್ ಮುಗಿದ ಮೇಲೆ ಸರ್ಟಿಫಿಕೇಟು ಅಂಚೆಯಲ್ಲಿ ಮನೆಗೆ ಬರುತ್ತದೆ. ಹೋಗಲಿ ಬಿಡಿ. ಇದ್ದರೂ ಅದು ಒಂದು ದಿನದ ಕತೆ. ಉಳಿದ ದಿನಗಳೆಲ್ಲ ಬರೀ ಮಂಗಳವಾರಗಳು. ಬೆಳಿಗ್ಗೆ ಏಳಬೇಕು, ತಿಂಡಿ ಮಾಡಿಕೊಳ್ಳಬೇಕು, ಟ್ರಾಮ್ ಹಿಡಿಯಬೇಕು, ಯಾವುದೋ ಆಫೀಸಿನ ಪತ್ರಕ್ಕೆ ಉತ್ತರ ಬರೆಯಬೇಕು. ನಾನು ಆ ಮಂಗಳವಾರದ ಬಗ್ಗೆ ಮಾತಾಡುತ್ತೇನೆ. ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೊರಟವರು ನನ್ನ ಲೆಕ್ಕಗಳನ್ನು ಹಾಗೇ ತೆಗೆದುಕೊಳ್ಳಬೇಡಿ, ಅಲ್ಲಿನ ಕಾನೂನು ಬೇರೆ. ಜೀವನದ ಧಾಟಿ ಮಾತ್ರ ಸುಮಾರಾಗಿ ಹೀಗೇ ಇರುತ್ತದೆ.

ನಮ್ಮ ಜಿಲ್ಲೆಯಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ ಏನು? ‘ಯಾವ ಮನೆಯವರು?’ ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಾಗಲಿ, ಸೋಮವಾರಪೇಟೆ ಸಂತೆಯಲ್ಲಾಗಲಿ, ಮನೆ ಹೆಸರು ಹೇಳಿದರೆ ಸಾಕು. ಹೇಳಿ ಎರಡು ನಿಮಿಷದಲ್ಲಿ ನಿಮ್ಮ ಸೋದರಮಾವ ಅವರ ಕ್ಲಾಸ್‌ಮೇಟ್ ಅನ್ನೋದು ಗೊತ್ತಾಗಿರುತ್ತದೆ. ಆಮೇಲೆ ನಿಮ್ಮ ಕೆಲಸ ಆಗುತ್ತದೆ. ಬ್ಯಾಂಕಿನಲ್ಲಿ ಪರಿಚಯದವರು, ತಾಲೂಕು ಆಫೀಸಿನಲ್ಲಿ ಪರಿಚಯದವರು, ಗೊಬ್ಬರದ ಅಂಗಡಿಯಲ್ಲಿ ಕೊಯ್ಲು ಮುಗಿಯುವ ತನಕ ಲೆಕ್ಕ ಬರೆದಿಡುವವರು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇಡ. ನಾವು ಇದರಲ್ಲೇ ಬೆಳೆದಿದ್ದೇವೆ. ಇಪ್ಪತ್ತೆರಡು ವರ್ಷ ಹೀಗೆ ಬೆಳೆದ ಹುಡುಗ ವಿಮಾನ ಹತ್ತಿ ಇಳಿದಾಗ ಅವನನ್ನು ಯಾರೂ ಯಾವ ಮನೆ ಅಂತ ಕೇಳುವುದಿಲ್ಲ. ಕಾಗದ ಎಲ್ಲಿ ಅಂತ ಕೇಳುತ್ತಾರೆ. ಚಳಿ, ಊಟ, ಭಾಷೆ ಇವೆಲ್ಲ ಎರಡನೆಯ ಕಷ್ಟ. ಮೊದಲನೆಯದು ಇದೇ.

ಒಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯಲ್ಲಿ ಒಂದು ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ‘ಆನ್‌ಮೆಲ್ಡುಂಗ್’ ಅನ್ನುತ್ತಾರೆ. ಹಾಸ್ಟೆಲ್ ರೂಮಾದರೂ ಅಷ್ಟೇ, ಯಾರದೋ ಫ್ಲ್ಯಾಟಿನ ಒಂದು ಕೋಣೆಯಾದರೂ ಅಷ್ಟೇ. ಹೋಗುವಾಗ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಬೇರೆ ಪತ್ರವೇ ಬೇಕು. ಆ ಆಫೀಸಿಗೆ ಸುಮ್ನೆ ಹೋಗಿ ಕೂರುವ ಹಾಗೂ ಇಲ್ಲ. ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆ ‘ಟೆರ್ಮಿನ್’ ಅನ್ನುತ್ತಾರೆ. ದೊಡ್ಡ ಊರುಗಳಲ್ಲಿ ಟೆರ್ಮಿನ್ ಸಿಗುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ನೋಂದಣಿ ಚೀಟಿ ಕೈಗೆ ಬಂದರೇನೇ ಮುಂದಿನದೆಲ್ಲ ನಡೆಯುವುದು. ಎಷ್ಟೋ ಬ್ಯಾಂಕುಗಳು ಅದನ್ನು ಕೇಳುತ್ತವೆ. ತೆರಿಗೆ ನಂಬರ್ ಅದೇ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ವೀಸಾ ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಮಾಡಿಸಬೇಕಲ್ಲ, ಅದಕ್ಕೂ ಅದೇ ಚೀಟಿ.

ಇನ್ನು ಅಂಚೆ. ಇದು ಕೇಳಿದರೆ ನಗು ಬರುತ್ತದೆ, ಆದರೆ ಕಿವಿಗೊಟ್ಟು ಕೇಳಿ. ಅಲ್ಲಿ ಅಂಚೆಯವರು ಡಬ್ಬಿಯ ಮೇಲೆ ಹೆಸರು ಇದ್ದರೆ ಮಾತ್ರ ಪತ್ರ ಹಾಕುತ್ತಾರೆ. ರೂಮ್ ನಂಬರ್, ಮಹಡಿ ನಂಬರ್ ಬರೆಯುವ ರೂಢಿ ಅಷ್ಟಾಗಿ ಇಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ನಿಮ್ಮ ಹೆಸರು, ಇಷ್ಟೇ. ಬಾಗಿಲ ಬಳಿ ಇಪ್ಪತ್ತು ಡಬ್ಬಿ ಇರುತ್ತವೆ. ನಿಮ್ಮ ಹೆಸರು ಯಾವುದರ ಮೇಲೂ ಇಲ್ಲದಿದ್ದರೆ ಪತ್ರ ವಾಪಸ್. ನಾಪೋಕ್ಲು ಕಡೆಯ ಒಬ್ಬ ಹುಡುಗ ಬ್ಯಾಂಕ್ ಕಾರ್ಡ್ ಬರಲಿಲ್ಲ ಅಂತ ವಾರಗಟ್ಟಲೆ ಒದ್ದಾಡಿದ. ಬ್ಯಾಂಕಿಗೆ ಮೇಲೆ ಮೇಲೆ ಮೇಲ್ ಹಾಕಿದ. ಅವರು ಕಳಿಸುತ್ತಲೇ ಇದ್ದರು, ಅದು ವಾಪಸ್ ಹೋಗುತ್ತಲೇ ಇತ್ತು. ಕೊನೆಗೆ ಅದೇ ಮನೆಯಲ್ಲಿದ್ದ ಸ್ಪೇನಿನ ಹುಡುಗಿ ಒಂದು ಚೂರು ಕಾಗದದಲ್ಲಿ ಇವನ ಹೆಸರು ಬರೆದು ಡಬ್ಬಿಗೆ ಸೆಲ್ಲೋಟೇಪ್ ಹಾಕಿ ಅಂಟಿಸಿದಳು. ಆಮೇಲೆ ಕಾರ್ಡ್ ಬಂತು. ನಮ್ಮಲ್ಲಿ ಮನೆ ಹೆಸರು, ಊರು, ಅಂಚೆ ಅಂತ ಮೂರು ಪದ ಬರೆದರೆ ಪೋಸ್ಟ್‌ಮನ್ ತೋಟದ ಒಳಗಿನ ದಾರಿಯಲ್ಲಿ ನಡೆದು ಬಂದು ಕೊಟ್ಟು, ಕಾಫಿ ಕುಡಿದು ಹೋಗುತ್ತಾರೆ. ಆ ಹುಡುಗನಿಗೆ ಡಬ್ಬಿಗೆ ಹೆಸರು ಅಂಟಿಸಬೇಕು ಅಂತ ತೋಚುವುದಾದರೂ ಹೇಗೆ?

ಹೆಸರಿನ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ನಮ್ಮ ಮಕ್ಕಳ ಹೆಸರಿನ ಮುಂದೆ ಮನೆ ಹೆಸರು ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಇನಿಷಿಯಲ್ ಆಗಿರುತ್ತದೆ. ಡಿಗ್ರಿಯಲ್ಲಿ ಆ ಇನಿಷಿಯಲ್ ಕೊನೆಗೆ ಹೋಗಿರುತ್ತದೆ. ಆಧಾರ್‌ನಲ್ಲಿ ಬಿಡಿಸಿ ಬರೆದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ನಮಗೆ ಈ ನಾಲ್ವರೂ ಒಬ್ಬರೇ. ಅಲ್ಲಿನ ಕಂಪ್ಯೂಟರಿಗೆ ನಾಲ್ಕು ಜನ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾಕ್ಕೆ ಹೋಗುವ ಮೊದಲು ಎಪಿಎಸ್ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ನಿಮ್ಮ ಅಂಕಪಟ್ಟಿಗಳು ನಿಜವೇ ಅಂತ ಅಲ್ಲಿ ಪರಿಶೀಲಿಸುತ್ತಾರೆ. ಹೆಸರುಗಳು ಹೊಂದದಿದ್ದರೆ ತೊಡಕು ಶುರುವಾಗುವುದು ಅಲ್ಲಿಂದಲೇ. ಈಗ ಪಿಯುಸಿ ಓದುತ್ತಿರುವವರು ಇವತ್ತು ಮನೆಗೆ ಹೋಗಿ ನಾಲ್ಕೂ ಕಾಗದ ಪಕ್ಕ ಪಕ್ಕ ಇಟ್ಟು ನೋಡಿ. ಸರಿ ಮಾಡಿಸಲು ಇನ್ನೂ ಸಮಯವಿದೆ.

ಈಗ ದುಡ್ಡು. ಮುಂದಿನ ಸಾಲಿನಲ್ಲಿ ಕೂತ ಅಪ್ಪಂದಿರು ಇದಕ್ಕೇ ಕಾಯುತ್ತಿದ್ದಾರೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

‘ಜರ್ಮನಿಯಲ್ಲಿ ಓದು ಫ್ರೀ’ ಅಂತ ನೀವು ಕೇಳಿದ್ದೀರಿ. ಅರ್ಧ ನಿಜ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ನೂರು ಯೂರೋ ವಂತಿಗೆ ಇರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಶುಲ್ಕ ಹಾಕುತ್ತಿದೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಎಲ್ಲ ಆ ರಾಜ್ಯದಲ್ಲೇ ಇರುವುದು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಕೂಡ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊರಗಿನವರಿಗೆ ಶುಲ್ಕ ಶುರು ಮಾಡಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4000ದಿಂದ 6000 ಯೂರೋ. ಹಾಗಾಗಿ ಊರು ನೋಡಿ ಲೆಕ್ಕ ಹಾಕಿ.

ಖರ್ಚಿನ ದುಡ್ಡು ನಿಮ್ಮ ಹತ್ತಿರ ಇದೆ ಅಂತ ತೋರಿಸಲು ಬ್ಲಾಕ್ಡ್ ಅಕೌಂಟ್ ಅಂತ ಒಂದು ವ್ಯವಸ್ಥೆ. 2024ರ ಸೆಪ್ಟೆಂಬರ್‌ನಿಂದ ಒಂದು ವರ್ಷಕ್ಕೆ 11,904 ಯೂರೋ ಇಡಬೇಕು. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡುತ್ತಾರೆ. ಈ 992ರಲ್ಲಿ ಕೋಣೆ ಬಾಡಿಗೆ ಹೋಗಬೇಕು. ವಿದ್ಯಾರ್ಥಿಗಳ ಆರೋಗ್ಯ ವಿಮೆ ಕಡ್ಡಾಯ, ಅದಕ್ಕೆ ತಿಂಗಳಿಗೆ 140 ಯೂರೋದ ಆಸುಪಾಸು. ಮನೆಯಲ್ಲಿ ಟೀವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಟೀವಿ ಇಲ್ಲ ಅಂತ ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಿದವರನ್ನು ನಾನು ಬಲ್ಲೆ. ಆ ಪತ್ರ ಮತ್ತೆ ಬರುತ್ತದೆ, ಸ್ವಲ್ಪ ದಪ್ಪಗಾಗಿ ಬರುತ್ತದೆ. ಮ್ಯೂನಿಕ್‌ನಲ್ಲಾದರೆ ಬಾಡಿಗೆಯೇ ಈ ಲೆಕ್ಕವನ್ನು ಮುರಿದುಹಾಕುತ್ತದೆ. ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನೌ ಥರದ ಪೂರ್ವದ ಊರುಗಳಲ್ಲಿ ಇದೇ ದುಡ್ಡಿನಲ್ಲಿ ಆರಾಮಾಗಿ ಬದುಕಬಹುದು. ಹೆಸರಾದ ಊರೇ ಬೇಕು ಅಂತ ಹಟ ಹಿಡಿಯುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ. ಕೇಳುವವರು ಕಮ್ಮಿ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಂದರೆ ಇದೆ. ಬೆಂಗಳೂರಿನ ಸಂಬಳದ ಮನೆಯ ಮಕ್ಕಳಿಗೆ ಇದು ಅಷ್ಟಾಗಿ ಕಾಣುವುದಿಲ್ಲ. ಕಾಫಿ ಮನೆಯಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕೊಯ್ಲಾಗಿ, ಕಣದಲ್ಲಿ ಒಣಗಿ, ಮಾರಿದ ಮೇಲೆ ಮೊತ್ತವಾಗಿ ಬರುತ್ತದೆ. ಜೊತೆಗೆ ಕರಿಮೆಣಸಿನದು ಒಂದಿಷ್ಟು. ಮಾರ್ಚ್‌ನಲ್ಲಿ ಕೈ ಧಾರಾಳ. ಆಗಸ್ಟ್‌ನಲ್ಲಿ ಅಂಗಡಿ ಪುಸ್ತಕದಲ್ಲಿ ಬರೆಸುವುದು. ಈ ಲಯದಲ್ಲಿ ಬೆಳೆದವರಿಗೆ ಒಂದನೇ ತಾರೀಕಿಗೆ ಬಾಡಿಗೆ, ಐದಕ್ಕೆ ವಿಮೆ, ಹತ್ತಕ್ಕೆ ಫೋನು ಅಂತ ಖಾತೆಯಿಂದ ತಾನಾಗಿ ಕಡಿದುಹೋಗುವ ದುಡ್ಡು ಒಗ್ಗುವುದಿಲ್ಲ. ಇಪ್ಪತ್ತನೇ ತಾರೀಕಿಗೆ ಖಾಲಿ. ಅಲ್ಲಿ ಬರೆದಿಟ್ಟುಕೊಳ್ಳುವ ಅಂಗಡಿ ಇಲ್ಲ. ಅಪ್ಪಂದಿರೇ, ಮಕ್ಕಳು ಹೋಗುವ ಹಿಂದಿನ ವರ್ಷವೇ ಅವರಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು, ಮೈಸೂರಿನಲ್ಲೋ ಮಂಗಳೂರಿನಲ್ಲೋ ಅದರಲ್ಲೇ ನಡೆಸಲು ಬಿಡಿ. ನಡುವೆ ಕೇಳಿದರೆ ಕೊಡಬೇಡಿ. ಅಮ್ಮಂದಿರು ಗುಟ್ಟಾಗಿ ಗೂಗಲ್ ಪೇ ಮಾಡುತ್ತಾರೆ, ಅದು ಬೇರೆ ವಿಷಯ.

ಕೆಲಸ ಮಾಡಿ ಖರ್ಚು ತೂಗಿಸಬಹುದಾ? ಸ್ವಲ್ಪ ಮಟ್ಟಿಗೆ. 2024ರಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಬಿಡುತ್ತಾರೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಪ್ರೊಫೆಸರ ಕೈಕೆಳಗೆ ಸಹಾಯಕರಾಗಿ ಸಿಗುವ ಕೆಲಸಕ್ಕೆ ‘ಹಿವಿ’ ಅನ್ನುತ್ತಾರೆ. ಅದು ಸಿಕ್ಕರೆ ಅದೃಷ್ಟ. ಹೆಚ್ಚಿನವರಿಗೆ ಸಿಗುವುದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವುದು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಸೈಕಲ್ಲಿನಲ್ಲಿ ಊಟ ತಲುಪಿಸುವುದು. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತೋಟದ ಮನೆಗಳಲ್ಲಿ ಕೆಲಸ ಮಾಡುವವರು ಬೇರೆ, ಲೆಕ್ಕ ಬರೆಯುವವರು ಬೇರೆ. ತೋಟದ ಕೆಲಸದವರ ಲೈನ್ ಮನೆಯ ಮಗು ಬೆಳಿಗ್ಗೆ ಎದ್ದು ತನ್ನ ತಟ್ಟೆ ತೊಳೆಯುತ್ತದೆ, ದೊಡ್ಡ ಮನೆಯ ಮಗು ತೊಳೆಯುವುದಿಲ್ಲ. ಅಲ್ಲಿ ಹೋದ ಮೊದಲ ತಿಂಗಳು ಯಾರಿಗೆ ಸುಲಭ, ಯಾರಿಗೆ ಕಷ್ಟ ಅಂತ ನೀವೇ ಊಹಿಸಿ. ಗೋದಾಮಿನ ಮೇಸ್ತ್ರಿ ಟರ್ಕಿಯವನೋ ಪೋಲೆಂಡಿನವನೋ ಆಗಿರುತ್ತಾನೆ. ಅವನು ಹತ್ತು ನಿಮಿಷ ತಡವಾಗಿ ಬಂದದ್ದನ್ನು ಗಂಟೆ ಲೆಕ್ಕದಲ್ಲಿ ಬರೆಯುತ್ತಾನೆ. ನಮ್ಮ ತೋಟದ ಹಾಜರಿ ಪುಸ್ತಕದಲ್ಲಿ, ಅಂದರೆ ಚೆಕ್‌ರೋಲ್‌ನಲ್ಲಿ, ರೈಟರ್ ಬರೆಯುವ ಹಾಗೇ. ಈ ಸಲ ಹೆಸರು ನಮ್ಮದು.

ಕ್ಲಾಸಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಂಕ ಅಲ್ಲಿ ಉಲ್ಟಾ. 1.0 ಅಂದರೆ ಮೇಲು, 4.0 ಅಂದರೆ ಪಾಸ್, 5.0 ಅಂದರೆ ಫೇಲ್. ಮೊದಲ ಸಲ 1.7 ಬಂತು ಅಂತ ಫೋನ್ ಮಾಡಿದರೆ ಅಮ್ಮ ಅಳಬಾರದು. ಲೆಕ್ಚರ್‌ಗಳಲ್ಲಿ ಸಾಮಾನ್ಯವಾಗಿ ಹಾಜರಿ ಕೂಗುವುದಿಲ್ಲ. ಇಂಟರ್ನಲ್ಸ್ ಇಲ್ಲ, ಕೊನೆಗೆ ಒಂದೇ ಪರೀಕ್ಷೆ, ಹೆಚ್ಚಿನ ಕಡೆ. ಆ ಪರೀಕ್ಷೆಗೆ ನೀವೇ ಪೋರ್ಟಲ್‌ನಲ್ಲಿ ಹೆಸರು ಕೊಡಬೇಕು. ಕೊನೆಯ ದಿನ ದಾಟಿದರೆ ಎಷ್ಟೇ ಓದಿದ್ದರೂ ಬರೆಯುವ ಹಾಗಿಲ್ಲ. ‘ಸಾರ್, ಪ್ಲೀಸ್ ಸಾರ್’ ಅಲ್ಲಿ ನಡೆಯುವುದಿಲ್ಲ. ಪ್ರೊಫೆಸರ್ ಒಳ್ಳೆಯವರೇ ಇರುತ್ತಾರೆ, ಆದರೆ ಅದು ಅವರ ಕೈಯಲ್ಲಿಲ್ಲ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸೇ ಹೋಗುತ್ತದೆ. ಪಾಠ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಅದನ್ನು ಕೇಳಿದ ನಮ್ಮವರು ಹುಡುಗರೆಲ್ಲ ಗಲಾಟೆ ಶುರು ಮಾಡಿದರು ಅಂದುಕೊಳ್ಳುತ್ತಾರೆ.

ಚಳಿಗಾಲದ ಸೆಮಿಸ್ಟರ್ ಪಾಠಗಳು ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ. ಅಂದರೆ ಸರಿಯಾಗಿ ತಲಕಾವೇರಿಯಲ್ಲಿ ತೀರ್ಥೋದ್ಭವದ ಹೊತ್ತು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವಾಗ ನೀವು ಲ್ಯಾಬ್ ರಿಪೋರ್ಟ್ ಬರೆಯುತ್ತಿರುತ್ತೀರಿ. ರಜೆ ಇರುವುದು ಕ್ರಿಸ್‌ಮಸ್‌ಗೆ. ಆ ಹೊತ್ತಿನಲ್ಲಿ ಇಡೀ ಊರು ತನ್ನ ಮನೆಯವರ ಜೊತೆ ಬಾಗಿಲು ಹಾಕಿಕೊಳ್ಳುತ್ತದೆ, ಹಾಸ್ಟೆಲ್‌ನಲ್ಲಿ ಉಳಿಯುವವರು ನಾವು, ಚೀನಾದವರು, ಇರಾನಿನವರು. ನನಗೆ ಒಳ್ಳೆಯ ಗೆಳೆಯರು ಸಿಕ್ಕಿದ್ದು ಆ ಹತ್ತು ದಿನಗಳಲ್ಲೇ. ಎಲ್ಲರೂ ಅಡುಗೆಮನೆಗೆ ಬರಲೇಬೇಕಲ್ಲ.

ಅಡುಗೆಮನೆ ಅಂದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ಕೊಡಗಿನವರಿಗೆ ಲಾಭವಿದೆ. ಬೇರೆ ಊರಿನ ಸಸ್ಯಾಹಾರಿ ಮಕ್ಕಳು ಮೊದಲ ತಿಂಗಳು ಬ್ರೆಡ್ಡು, ಆಲೂಗಡ್ಡೆ ತಿಂದು ಸೊರಗುತ್ತಾರೆ. ಜರ್ಮನಿಯಲ್ಲಿ ಹಂದಿ ಮಾಂಸ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕಪ್ಪಗೆ ಹುರಿದ ಮಸಾಲೆ ಪುಡಿ ಮತ್ತು ಒಂದು ಸೀಸೆ ಕಾಚಂಪುಳಿ, ಅದೇ ನಮ್ಮ ಕಪ್ಪು ಹುಳಿರಸ, ಇದ್ದರೆ ಪಂದಿಕರಿ ಆಯಿತು. ಅದರ ಜೊತೆಗಿನ ಅಕ್ಕಿ ಉಂಡೆ ಕಡಂಬಿಟ್ಟಿಗೆ ಅಕ್ಕಿ ತರಿ ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ಹಿಂದಿನ ದಿನದ ಅನ್ನಕ್ಕೆ ಅಕ್ಕಿ ಹಿಟ್ಟು ಕಲಸಿ ರೊಟ್ಟಿ ಮಾಡುವುದು ಗೊತ್ತಿದ್ದವರು ಅಲ್ಲಿ ಉಪವಾಸ ಬೀಳುವುದಿಲ್ಲ. ಗೊತ್ತಿಲ್ಲದವರು? ಈ ಮಳೆಗಾಲದಲ್ಲಿ ಕಲಿಯಿರಿ. ಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಯಾಕೋ ನಗು ಜಾಸ್ತಿಯಾಯಿತು.

ಆದರೆ ಪೆಟ್ಟಿಗೆ ತುಂಬುವಾಗ ಎಚ್ಚರ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವ ಹಾಗಿಲ್ಲ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ ಅಜ್ಜಿ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಬಿಟ್ಟುಹೋಗಿ. ತುಪ್ಪವೂ ಬೇಡ. ಹಸಿ ಕರಿಬೇವು, ನಮ್ಮ ಕಿತ್ತಳೆ ಇವಕ್ಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟು ಬೇಕು, ಹಾಗಾಗಿ ಅವೂ ಬೇಡ. ಜೇನುತುಪ್ಪ ಎರಡು ಕೆಜಿ ತನಕ ಒಯ್ಯಬಹುದು. ಒಣ ಮೆಣಸು, ಮಸಾಲೆ ಪುಡಿ, ಕಾಚಂಪುಳಿಗೆ ಅಡ್ಡಿ ಕಾಣೆ. ಸೀಸೆಯನ್ನು ಮಾತ್ರ ಮೂರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಅದು ಒಡೆದರೆ ಬಟ್ಟೆಯ ಮೇಲಿನ ಕಲೆ ಮತ್ತು ವಾಸನೆ ಡಿಗ್ರಿ ಮುಗಿಯುವ ತನಕ ಜೊತೆಗಿರುತ್ತವೆ.

ಕಾಫಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ಬಿಡುವುದಿಲ್ಲ. ಭಾರತದ ಕಾಫಿ ಕೊಳ್ಳುವ ದೊಡ್ಡ ದೇಶಗಳಲ್ಲಿ ಇಟಲಿ ಮುಂದೆ ಇದೆ, ಜರ್ಮನಿಯೂ ದೊಡ್ಡ ಗಿರಾಕಿಯೇ. ನಮ್ಮ ತೋಟದ ರೊಬಸ್ಟಾ ಯಾವುದೋ ಮಿಶ್ರಣದಲ್ಲಿ ಸೇರಿ ಅಲ್ಲಿನ ಅಂಗಡಿಯ ಕಪಾಟಿನಲ್ಲಿ ಇರುತ್ತದೆ. ಪೊಟ್ಟಣದ ಮೇಲೆ ಕೊಡಗು ಅಂತ ಹೆಸರು ಕಾಣುವುದು ಅಪರೂಪ. ಇನ್ನೊಂದು, ಜರ್ಮನಿಯಲ್ಲಿ ಕಾಫಿಗೇ ಬೇರೆ ತೆರಿಗೆ ಇದೆ. ಹುರಿದ ಕಾಫಿ ಒಂದು ಕೆಜಿಗೆ 2.19 ಯೂರೋ. ಇಲ್ಲಿ ಬೆಳೆಗಾರರ ಸಭೆಗಳಲ್ಲಿ ಬೆಲೆಯ ಬಗ್ಗೆ ಅಷ್ಟೆಲ್ಲ ಮಾತಾಡುತ್ತೇವೆ, ಆ ಕಡೆಯ ಅಂಗಡಿಯಲ್ಲಿ ನಿಂತು ಪೊಟ್ಟಣದ ಬೆಲೆ ಓದುವ ಅವಕಾಶ ನಮ್ಮ ಮಕ್ಕಳಿಗೆ ಸಿಗುತ್ತದೆ. ಓದಿ, ಫೋಟೋ ತೆಗೆದು ಅಪ್ಪನಿಗೆ ಕಳಿಸಿ. ಅಪ್ಪನ ರಕ್ತದೊತ್ತಡ ನೋಡಿಕೊಂಡು ಕಳಿಸಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕಾನೂನೇ ಹಾಗಿದೆ. ರೈಲ್ವೆ ಸ್ಟೇಷನ್ನಿನ ಅಂಗಡಿ, ಪೆಟ್ರೋಲ್ ಬಂಕ್, ಬೇಕರಿ ಥರದ್ದು ಬಿಟ್ಟರೆ ಏನೂ ಇಲ್ಲ. ಶನಿವಾರ ಸಂಜೆಯೊಳಗೆ ಅಕ್ಕಿ, ಹಾಲು ತಂದಿಡಬೇಕು. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು, ಭಾನುವಾರ ಹಗಲೂ ಮಾಡಬಾರದು. ಗಾಜಿನ ಸೀಸೆಗಳನ್ನು ಬೀದಿಯ ತೊಟ್ಟಿಗೆ ಹಾಕುವುದು ಕೂಡ ಭಾನುವಾರ ಸಲ್ಲ, ಸದ್ದಾಗುತ್ತದೆ ಅಂತ. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಬಿಯರ್ ಸೀಸೆಗೆ 8 ಸೆಂಟ್. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೊಟ್ಟು ಸಾಮಾನು ತರಬಹುದು. ತಿಂಗಳ ಕೊನೆಯಲ್ಲಿ ಹಾಸ್ಟೆಲ್ಲಿನ ಮಂಚದ ಕೆಳಗಿನ ಬಾಟಲಿಗಳೆಲ್ಲ ಹೊರಗೆ ಬರುತ್ತವೆ. ಒಗ್ಗರಣೆಯ ಹೊಗೆಗೆ ಕೋಣೆಯ ಅಲಾರಂ ಕೂಗುತ್ತದೆ. ಕಟ್ಟಡದ ಅಲಾರಂ ಆದರೆ ಅಗ್ನಿಶಾಮಕದವರೇ ಬಂದು ಇಳಿಯುತ್ತಾರೆ. ಸಾಸಿವೆ ಹಾಕುವ ಮೊದಲು ಕಿಟಕಿ ತೆಗೆಯಿರಿ.

ಕಿಟಕಿ ಅಂದಾಗ ನೆನಪಾಯಿತು. ನಮಗೆ ಮಳೆಯ ಭಯವಿಲ್ಲ. ಜೂನ್, ಜುಲೈ ಕಂಡವರಿಗೆ ಜರ್ಮನಿಯ ಮಳೆ ಮಳೆಯೇ ಅಲ್ಲ. ಬೂಷ್ಟು ಗೊತ್ತಲ್ವಾ? ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಬೆಲ್ಟು, ಚಪ್ಪಲಿ, ಬೀರುವಿನ ಕೋಟಿನ ಮೇಲೆಲ್ಲ ಹಸಿರಾಗಿ ಬರುತ್ತದಲ್ಲ, ಅದು ಅಲ್ಲಿ ಚಳಿಗಾಲದಲ್ಲಿ ಗೋಡೆಯ ಮೇಲೆ ಬರುತ್ತದೆ. ಕೋಣೆ ಮುಚ್ಚಿಕೊಂಡು ಹೀಟರ್ ಹಾಕಿ, ಅಲ್ಲೇ ಬಟ್ಟೆ ಒಣಗಿಸಿ, ಅನ್ನ ಬೇಯಿಸಿದರೆ ಒಳಗಿನ ತೇವ ತಣ್ಣನೆಯ ಗೋಡೆಗೆ ಕೂರುತ್ತದೆ. ಅದಕ್ಕೇ ಅಲ್ಲಿನವರು ಸೊನ್ನೆ ಡಿಗ್ರಿಯಲ್ಲೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೆದಿಡುತ್ತಾರೆ. ಬಾಡಿಗೆ ಕರಾರಿನಲ್ಲೇ ಬರೆದಿರುವುದೂ ಉಂಟು. ಬೂಷ್ಟು ಬಂದರೆ ಖಾಲಿ ಮಾಡುವಾಗ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ಬಿಸಿಲಿನ ಊರಿನ ಮಕ್ಕಳಿಗೆ ಇದನ್ನು ಅರ್ಥ ಮಾಡಿಸಲು ಕಷ್ಟ. ನಮ್ಮವರಿಗೆ ಒಂದೇ ಮಾತು ಸಾಕು.

ಮಳೆ, ಚಳಿಗಿಂತ ನಮ್ಮವರನ್ನು ಕುಗ್ಗಿಸುವುದು ಕತ್ತಲು. ಡಿಸೆಂಬರ್ ಮೂರನೇ ವಾರ ಬರ್ಲಿನ್‌ನಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಆ ನಡುವೆಯೂ ಮೋಡ. ಕ್ಲಾಸಿಗೆ ಹೋಗುವಾಗ ಕತ್ತಲು, ಬರುವಾಗ ಕತ್ತಲು. ಇದು ಮನಸ್ಸಿನ ಮೇಲೆ ಕೂರುತ್ತದೆ. ಚೆನ್ನಾಗಿ ಓದುವ ಮಕ್ಕಳು ಕೂಡ ಜನವರಿಯಲ್ಲಿ ಹಾಸಿಗೆ ಬಿಟ್ಟು ಏಳದೇ ಇರುವುದನ್ನು ನೋಡಿದ್ದೇನೆ. ಸೋಮಾರಿತನ ಅಂತ ಬೈಯಬೇಡಿ. ಹಗಲು ಹೊತ್ತು ಒಂದು ಸುತ್ತು ಹೊರಗೆ ನಡೆಯಬೇಕು, ಯಾರ ಜೊತೆಗಾದರೂ ಊಟ ಮಾಡಬೇಕು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಮಾನಸಿಕ ಸಲಹೆ ಕೊಡುವವರು ಇರುತ್ತಾರೆ, ಅದಕ್ಕೆ ದುಡ್ಡಿಲ್ಲ, ಇಂಗ್ಲಿಷ್‌ನಲ್ಲಿ ಮಾತಾಡುವವರೂ ಸಿಗುತ್ತಾರೆ. ಇದಕ್ಕೂ ಟೆರ್ಮಿನ್ ಬೇಕು, ಹಾಗಾಗಿ ನವೆಂಬರ್‌ನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ರೈಲಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲವಲ್ಲ. ಎಷ್ಟೋ ಮಕ್ಕಳು ರೈಲು ಹತ್ತಿದ್ದೇ ಮೈಸೂರಿನಲ್ಲಿ. ಅಲ್ಲಿ ದಿನವೂ ರೈಲು. ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ವಂತಿಗೆಯಲ್ಲೇ ದೇಶವಿಡೀ ಓಡಾಡುವ ಟಿಕೆಟ್ ಸೇರಿರುತ್ತದೆ. ಆದರೆ ಅದು ಊರೊಳಗಿನ ಮತ್ತು ಪ್ರಾದೇಶಿಕ ರೈಲು, ಬಸ್ಸುಗಳಿಗೆ ಮಾತ್ರ. ವೇಗದ ಐಸಿಇ ರೈಲಿಗೆ ಸಲ್ಲದು. ಸ್ಟೇಷನ್ನಿನಲ್ಲಿ ಗೇಟಿಲ್ಲ, ಯಾರೂ ತಡೆಯುವುದಿಲ್ಲ, ಆಮೇಲೆ ಸಾದಾ ಬಟ್ಟೆಯಲ್ಲಿ ಬಂದು ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ 60 ಯೂರೋ. ಇನ್ನು ಜರ್ಮನಿಯ ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ ಅನ್ನುವುದನ್ನು ಇಲ್ಲೇ ಬಿಟ್ಟುಹೋಗಿ. ನಮ್ಮ ಕೆಂಪು ಬಸ್ಸೇ ಎಷ್ಟೋ ವಾಸಿ ಅನ್ನಿಸುವ ದಿನಗಳು ಬರುತ್ತವೆ.

ಪೋಷಕರಿಗೆ ಒಂದು ಮುಖ್ಯವಾದ ವಿಷಯ. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದ ತನಕ ನಾಲ್ಕೂವರೆ. ನೀವು ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿದು ಖುಷಿಯಲ್ಲಿ ಫೋನ್ ಮಾಡಿದರೆ ಅಲ್ಲಿ ರಾತ್ರಿ ಎರಡೂವರೆ. ಆ ಹೊತ್ತಿಗೆ ಮನೆಯಿಂದ ಫೋನ್ ಬಂದರೆ ಮಕ್ಕಳ ಎದೆ ಝಲ್ಲೆನ್ನುತ್ತದೆ. ಯಾಕೆ ಅಂತ ಹೇಳಬೇಕಾಗಿಲ್ಲ.

ಇದಕ್ಕೆ ಉಲ್ಟಾ ಇನ್ನೊಂದಿದೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಮಳೆಗೆ ಗುಡ್ಡಗಳು ಕುಸಿದಾಗ ನಾನು ಅಲ್ಲಿದ್ದೆ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಅಂತ ಹೆಸರುಗಳು ಒಂದೊಂದಾಗಿ ಸುದ್ದಿಯಲ್ಲಿ ಬರುತ್ತಿದ್ದವು. ಮನೆಗೆ ಫೋನ್ ಹತ್ತುತ್ತಿರಲಿಲ್ಲ. ಕರೆಂಟಿಲ್ಲ, ಟವರಿಲ್ಲ. ಮನೆಯವರು ಚೆನ್ನಾಗಿಯೇ ಇದ್ದರು, ಆದರೆ ಅದು ನನಗೆ ಗೊತ್ತಾಗುವ ದಾರಿ ಇರಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಹಳೇ ವಿಡಿಯೋ, ಬೇರೆ ರಾಜ್ಯದ ವಿಡಿಯೋ ಎಲ್ಲ ಸೇರಿ ಸುತ್ತುತ್ತಿದ್ದವು. ಪಕ್ಕದ ಕೋಣೆಯವನಿಗೆ ಮಡಿಕೇರಿ ಎಲ್ಲಿದೆ ಅಂತಲೂ ಗೊತ್ತಿಲ್ಲ, ಅವನ ಜೊತೆ ಏನು ಅಂತ ಮಾತಾಡುವುದು? ಆಗ ಕೆಲಸಕ್ಕೆ ಬಂದದ್ದು ಮೈಸೂರಿನಲ್ಲಿದ್ದ ಒಬ್ಬ ಅತ್ತೆ. ಅವರು ಊರಿನ ಕಡೆಯಿಂದ ಬಂದವರನ್ನೆಲ್ಲ ವಿಚಾರಿಸಿ, ಯಾರು ಎಲ್ಲಿದ್ದಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹೊರಗಿದ್ದ ನಮಗೆಲ್ಲ ಮೆಸೇಜ್ ಹಾಕುತ್ತಿದ್ದರು. ಆದ್ದರಿಂದ ಹೇಳುತ್ತೇನೆ, ಮಕ್ಕಳು ಹೊರಡುವ ಮೊದಲು ಜಿಲ್ಲೆಯ ಹೊರಗಿರುವ ಒಬ್ಬ ನೆಂಟರನ್ನು ಗೊತ್ತು ಮಾಡಿ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಇಂಥವರಿಗೆ ಸುದ್ದಿ ಮುಟ್ಟಿಸುತ್ತೇವೆ, ನೀನು ಅವರನ್ನೇ ಕೇಳು ಅಂತ ಹೇಳಿಡಿ. ಪ್ರತಿ ವರ್ಷ ನಾಲ್ಕು ದಿನವಾದರೂ ಕರೆಂಟ್ ಹೋಗುವ ಊರಿನವರು ನಾವು. ನಮಗೆ ಅದು ಮಾಮೂಲಿ. ಏಳು ಸಾವಿರ ಕಿಲೋಮೀಟರ್ ಆಚೆ ಕೂತವರಿಗೆ ಅಲ್ಲ.

ಸಾವು ನೋವಿನ ವಿಷಯವೂ ಇದೆ. ನಮ್ಮಲ್ಲಿ ಒಂದು ಮನೆಯಲ್ಲಿ ಸಾವಾದರೆ ಊರಿಗೆ ಊರೇ ಹೋಗುತ್ತದೆ. ಹೋಗದಿದ್ದರೆ ವರ್ಷಗಟ್ಟಲೆ ಮಾತು. ಅಜ್ಜ ತೀರಿಕೊಂಡಾಗ ಪರೀಕ್ಷೆಯ ನಡುವೆ ಇರುವ ಮೊಮ್ಮಗಳು ಬರಲು ಆಗುವುದಿಲ್ಲ. ವಿಮಾನ ಹತ್ತಿದರೂ ಬೆಂಗಳೂರಿಗೋ ಕಣ್ಣೂರಿಗೋ ಇಳಿದು ಮನೆ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಂದಿಲ್ಲ ಅಂತ ಅವಳನ್ನು ಅನ್ನಬೇಡಿ. ಬರಬೇಡ ಅಂತ ಮೊದಲು ಹೇಳುವವರು ನೀವಾಗಿರಿ. ಸುದ್ದಿಯನ್ನು ಪರೀಕ್ಷೆ ಮುಗಿಯುವ ತನಕ ಮುಚ್ಚಿಡುವ ಮನೆಗಳೂ ಇವೆ. ನನಗೆ ಅದು ಸರಿ ಕಾಣುವುದಿಲ್ಲ. ಒಮ್ಮೆ ಮುಚ್ಚಿಟ್ಟಿರಿ ಅಂತ ಗೊತ್ತಾದರೆ ಆಮೇಲೆ ‘ಎಲ್ಲರೂ ಚೆನ್ನಾಗಿದ್ದೇವೆ’ ಅನ್ನುವ ನಿಮ್ಮ ಮಾತನ್ನು ಅವಳು ನಂಬುವುದಿಲ್ಲ.

ಕೊನೆಗೆ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ತೋಟ ಯಾರು ನೋಡಿಕೊಳ್ಳುತ್ತಾರೆ? ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ ಹದಿನೆಂಟು ತಿಂಗಳ ತನಕ ಪರವಾನಗಿ ಕೊಡುತ್ತದೆ. ಕೆಲಸ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಮಗ ಎರಡು ವರ್ಷಕ್ಕೆ ಬರುತ್ತಾನೆ ಅಂತ ಅಪ್ಪ ಅಂದುಕೊಂಡಿರುತ್ತಾರೆ. ಹಾಗೆ ತಾನು ಹೇಳೇ ಇಲ್ಲ ಅಂತ ಮಗ ಅಂದುಕೊಂಡಿರುತ್ತಾನೆ. ಇಬ್ಬರದೂ ನಿಜವೇ. ಈ ಜಗಳ ಫೋನಿನಲ್ಲಿ, ನೆಟ್‌ವರ್ಕ್ ಕಡಿದು ಕಡಿದು ಬರುವಾಗ ಆಗಬಾರದು. 11,904 ಯೂರೋ ಖಾತೆಗೆ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಬಿಡಿ. ಗುತ್ತಿಗೆಗೆ ಕೊಡುವುದೋ, ತಂಗಿ ನೋಡಿಕೊಳ್ಳುತ್ತಾಳೋ, ಒಂದು ಭಾಗ ಮಾರುವುದೋ, ಏನಾದರೂ ಆಗಲಿ. ತಂಗಿಯನ್ನೂ ಕರೆದು ಕೇಳಿ. ನಾನು ನೋಡಿದ ಮನೆಗಳಲ್ಲಿ ಅವಳನ್ನು ಕೇಳಿದವರು ಕಮ್ಮಿ, ತೋಟ ನಡೆಸುತ್ತಿರುವವರು ಮಾತ್ರ ಅವಳೇ.

ಈಗ ನಿಮ್ಮ ಪ್ರಶ್ನೆಗಳು. ಯಾವ ಕನ್ಸಲ್ಟೆನ್ಸಿ ಒಳ್ಳೆಯದು ಅನ್ನುವುದನ್ನು ಬಿಟ್ಟು ಏನು ಬೇಕಾದರೂ ಕೇಳಿ.